ಹಿಮದ ನಾಡಿನಲ್ಲಿ ಎರಡು ವರ್ಷದ ಮಗು

ಒಂದು ಮಗುವನ್ನು ಸಾಕಿ ದೊಡ್ಡದು ಮಾಡಲು ಎಷ್ಟು ಜನರ ಕೈ ಬೇಕೆಂದು ನೀವು ಎಂದಾದರೂ ಲೆಕ್ಕ ಹಾಕಿದ್ದೀರಾ? ನಮ್ಮ ಮನೆಗಳಲ್ಲಿ ಆ ಲೆಕ್ಕ ಹಾಕುವ ಪ್ರಮೇಯವೇ ಒದಗುವುದಿಲ್ಲ. ಎಣ್ಣೆಯೊತ್ತಿ ನೀರೆರೆಯುವುದಕ್ಕೆ ಅಜ್ಜಿ, ಜಗಲಿಯಲ್ಲಿ ಕೂಡಿಸಿಕೊಂಡು ಕಾಗೆ ಗುಬ್ಬಿ ತೋರಿಸುವುದಕ್ಕೆ ತಾತ, ಸೊಂಟದ ಮೇಲೆ ಹೊತ್ತು ಬೀದಿಯೆಲ್ಲ ತಿರುಗಿಸುವುದಕ್ಕೆ ಚಿಕ್ಕಮ್ಮನೋ ಸೋದರತ್ತೆಯೋ. ಯಾರೂ ಇಲ್ಲದ ಮನೆಯಾದರೆ ಪಕ್ಕದ ಮನೆಯವರಾದರೂ ಇದ್ದೇ ಇರುತ್ತಾರೆ. ಒಲೆಯ ಮೇಲೆ ಹಾಲು ಉಕ್ಕುವ ಹೊತ್ತಿಗೇ ಮಗು ಅತ್ತರೆ ಎತ್ತಿಕೊಳ್ಳುವವರು ಒಬ್ಬರಲ್ಲ ಒಬ್ಬರು ಸಿಕ್ಕುತ್ತಾರೆ. ಈ ಕೈಗಳ ಬೆಲೆ ತಿಳಿಯುವುದು ಅವು ಇಲ್ಲದ ಕಡೆಗೆ ಹೋದಾಗ.

ಅಂತಹ ಕಡೆಗೆ ಹೋಗುವವರು ಈಗ ನಮ್ಮಲ್ಲಿ ಕಡಮೆಯಿಲ್ಲ. ನಿಮ್ಮ ಬೀದಿಯಲ್ಲಿಯೇ ಒಂದಲ್ಲ ಒಂದು ಮನೆಯ ಮಗನೋ ಮಗಳೋ ಪರದೇಶದಲ್ಲಿ ಸಂಸಾರ ಹೂಡಿರಬಹುದು. ಅವರು ಅಲ್ಲಿ ಯಾವ ಕೆಲಸದಲ್ಲಿದ್ದಾರೆ, ಎಂತಹ ಮನೆ ಹಿಡಿದಿದ್ದಾರೆ ಎಂಬುದೆಲ್ಲ ನಮಗೆ ಗೊತ್ತು. ಆದರೆ ಬೆಳಗ್ಗೆ ಎದ್ದು ಎರಡು ವರ್ಷದ ಮಗುವನ್ನು ಕಟ್ಟಿಕೊಂಡು ಅವರ ದಿನ ಹೇಗೆ ಸಾಗುತ್ತದೆ? ಇಬ್ಬರೂ ಕೆಲಸಕ್ಕೆ ಹೋದರೆ ಮಗುವನ್ನು ನೋಡಿಕೊಳ್ಳುವವರು ಯಾರು? ಅದು ಉಣ್ಣುವುದೇನು, ಮಲಗುವುದೆಲ್ಲಿ, ಮಾತು ಕಲಿಯುವುದು ಯಾರಿಂದ? ಈ ಪ್ರಶ್ನೆಗಳಿಗೆ ಒಂದೊಂದು ದೇಶದಲ್ಲಿ ಒಂದೊಂದು ಉತ್ತರ. ಎಲ್ಲ ದೇಶಗಳನ್ನೂ ಸುತ್ತಿ ಬರುವುದಕ್ಕಿಂತ ಒಂದೇ ದೇಶದಲ್ಲಿ ನಿಂತು ಸಾವಧಾನವಾಗಿ ನೋಡುವುದು ಮೇಲು. ಅದಕ್ಕಾಗಿ ಫಿನ್‌ಲೆಂಡ್ ದೇಶವನ್ನು ಆರಿಸಿಕೊಳ್ಳೋಣ.

ಯುರೋಪಿನ ಉತ್ತರದ ಅಂಚಿನಲ್ಲಿರುವ ಈ ನಾಡು ವಿಸ್ತಾರದಲ್ಲಿ ನಮ್ಮ ಕರ್ನಾಟಕಕ್ಕಿಂತ ದೊಡ್ಡದು. ಸುಮಾರು ೩,೩೮,೦೦೦ ಚದರ ಕಿಲೋಮೀಟರು. ಜನಸಂಖ್ಯೆ ಮಾತ್ರ ಸುಮಾರು ೫೬ ಲಕ್ಷ. ನಮ್ಮ ರಾಜ್ಯದ ಜನಸಂಖ್ಯೆ ೨೦೧೧ರ ಜನಗಣತಿಯಲ್ಲೇ ಆರು ಕೋಟಿ ಹನ್ನೊಂದು ಲಕ್ಷವಾಗಿತ್ತು ಎಂಬುದನ್ನು ನೆನೆದರೆ ಅಲ್ಲಿನ ನಿಶ್ಶಬ್ದದ ಕಲ್ಪನೆ ನಿಮಗೆ ಬಂದೀತು. ರಾಜಧಾನಿ ಹೆಲ್ಸಿಂಕಿ. ಅದರ ಪಕ್ಕದ ಎಸ್ಪೋ ನಗರದಲ್ಲಿ ನೋಕಿಯ ಕಂಪನಿಯ ಮುಖ್ಯ ಕಚೇರಿ. ಅದೇ ಕಂಪನಿಯ ಸಂಶೋಧನಾ ಕೇಂದ್ರ ನಮ್ಮ ಬೆಂಗಳೂರಿನಲ್ಲಿಯೂ ಉಂಟು. ಗಣಕ ವಿದ್ಯೆ ಕಲಿತ ನಮ್ಮ ತರುಣ ತರುಣಿಯರು ಆ ಎರಡು ನಗರಗಳ ಕಡೆಗೆ ಹೋಗಿ ನೆಲೆಸುವುದು ಈಗ ಅಪರೂಪದ ಸಂಗತಿಯಲ್ಲ.

ಇಂದು ಫಿನ್‌ಲೆಂಡ್ ಮಕ್ಕಳಿಗೆ ಸುಖದ ನಾಡೆಂದು ಹೆಸರಾಗಿದೆ. ಹಿಂದೆ ಹಾಗಿರಲಿಲ್ಲ. ೧೯೩೦ರ ದಶಕದಲ್ಲಿ ಅದು ಬಡ ದೇಶ. ಹುಟ್ಟಿದ ಸಾವಿರ ಮಕ್ಕಳಲ್ಲಿ ಅರವತ್ತಕ್ಕೂ ಹೆಚ್ಚು ಮಕ್ಕಳು ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. ಈಗ ಆ ಸಂಖ್ಯೆ ಸಾವಿರಕ್ಕೆ ಎರಡರ ಆಸುಪಾಸಿಗೆ ಇಳಿದಿದೆ. ಈ ಬದಲಾವಣೆಯ ಹಿಂದೆ ಆರ್ವೊ ಯುಲ್ಪೊ ಎಂಬ ಶಿಶುವೈದ್ಯರ ಶ್ರಮ ಬಹಳ. ೧೮೮೭ರಲ್ಲಿ ಹುಟ್ಟಿ ೧೯೯೨ರವರೆಗೆ, ನೂರನಾಲ್ಕು ವರ್ಷ ಬಾಳಿದ ಈ ಹಿರಿಯರು ತಾಯಂದಿರಿಗೆ ಮಕ್ಕಳನ್ನು ನೋಡಿಕೊಳ್ಳುವ ತಿಳಿವಳಿಕೆ ಕೊಡುವ ಕೇಂದ್ರಗಳನ್ನು ೧೯೨೦ರ ದಶಕದಲ್ಲಿ ಹೆಲ್ಸಿಂಕಿಯಲ್ಲಿ ಪ್ರಾರಂಭಿಸಿದರು. ೧೯೪೪ರಲ್ಲಿ ಇಂತಹ ಕೇಂದ್ರಗಳು ಪ್ರತಿಯೊಂದು ಊರಿನಲ್ಲಿಯೂ ಇರಬೇಕೆಂದು ಕಾನೂನಾಯಿತು. ‘ನೆವ್ವೊಲ’ ಎಂದು ಅದರ ಹೆಸರು. ಸಲಹೆಯ ಮನೆ ಎಂದು ಅರ್ಥ.

ಇದರೊಂದಿಗೆ ಇನ್ನೊಂದು ಏರ್ಪಾಟನ್ನೂ ಹೇಳಬೇಕು. ೧೯೩೮ರಿಂದ ಸರ್ಕಾರ ಬಡ ಬಸುರಿಯರಿಗೆ ಒಂದು ಪೆಟ್ಟಿಗೆಯನ್ನು ಕೊಡತೊಡಗಿತು; ೧೯೪೯ರಿಂದ ಬಡವರು ಬಲ್ಲಿದರೆಂಬ ಭೇದವಿಲ್ಲದೆ ಎಲ್ಲ ತಾಯಂದಿರಿಗೂ. ಕೂಸಿನ ಅಂಗಿ, ಕುಲಾವಿ, ಕಾಲುಚೀಲ, ಹೊದಿಕೆ, ಚಳಿಗಾಲದ ಉಡುಪು ಎಲ್ಲವೂ ಅದರಲ್ಲಿ ಇರುತ್ತವೆ. ಅಡಿಯಲ್ಲಿ ಒಂದು ಪುಟ್ಟ ಹಾಸಿಗೆ. ಬಟ್ಟೆಗಳನ್ನು ತೆಗೆದಿಟ್ಟರೆ ಆ ರಟ್ಟಿನ ಪೆಟ್ಟಿಗೆಯೇ ಮಗುವಿನ ಮೊದಲ ತೊಟ್ಟಿಲು! ಆದರೆ ಇದನ್ನು ಪಡೆಯಲು ಒಂದು ಕರಾರುಂಟು: ನಾಲ್ಕನೆಯ ತಿಂಗಳು ಮುಗಿಯುವುದರೊಳಗೆ ಬಸುರಿಯು ವೈದ್ಯರಲ್ಲಿಯೋ ಸಲಹೆಯ ಮನೆಯಲ್ಲಿಯೋ ತಪಾಸಣೆ ಮಾಡಿಸಿಕೊಂಡಿರಬೇಕು. ಪೆಟ್ಟಿಗೆಯ ಆಸೆಯಿಂದ ತಾಯಿ ಬಂದಳು. ಬಂದದ್ದರಿಂದ ತಾಯಿಯೂ ಮಗುವೂ ಉಳಿದರು. ಸರ್ಕಾರದ ಜಾಣತನವೆಂದರೆ ಇದು.

ಈಗ, ಎರಡು ವರ್ಷದ ಮಗುವಿರುವ ಒಂದು ಕನ್ನಡ ಸಂಸಾರವನ್ನು ಕಲ್ಪಿಸಿಕೊಳ್ಳಿ. ಗಂಡ ಹೆಂಡತಿ ಇಬ್ಬರೂ ಕೆಲಸದಲ್ಲಿರುವವರು. ಮಗು ಹುಟ್ಟಿದ್ದೂ ಅಲ್ಲಿಯೇ. ಬಾಣಂತನಕ್ಕೆ ತವರಿಗೆ ಬರುವುದಾಗಲಿಲ್ಲ. ನಲವತ್ತು ದಿನದ ಎಣ್ಣೆನೀರು, ಸಾಂಬ್ರಾಣಿ ಹೊಗೆ, ಬಾಣಂತಿಯ ಪಥ್ಯದ ಅಡಿಗೆ ಅಲ್ಲಿ ಇಲ್ಲ. ಆಸ್ಪತ್ರೆಯಿಂದ ಕೆಲವೇ ದಿನಗಳಲ್ಲಿ ಮನೆಗೆ ಕಳುಹಿಸುತ್ತಾರೆ. ಹಾಗಾದರೆ ಬಾಣಂತಿಯ ಗತಿಯೇನು? ಒಂದೆರಡು ವಾರದೊಳಗೆ ಸಲಹೆಯ ಮನೆಯ ದಾದಿ ತಾನಾಗಿ ಮನೆಗೆ ಬರುತ್ತಾಳೆ. ಮಗುವನ್ನು ತೂಗಿ ನೋಡುತ್ತಾಳೆ, ತಾಯಿಗೆ ಹಾಲು ಸರಿಯಾಗಿ ಬರುತ್ತಿದೆಯೆ, ನಿದ್ದೆಯಿದೆಯೆ, ಮನಸ್ಸಿಗೆ ಬೇಸರವಾಗಿದೆಯೆ ಎಂದೆಲ್ಲ ವಿಚಾರಿಸುತ್ತಾಳೆ. ಆಮೇಲೆ ಮೊದಲ ವರ್ಷ ಒಂಬತ್ತು ಸಲಕ್ಕೆ ಕಡಮೆಯಿಲ್ಲದಂತೆ, ಅಲ್ಲಿಂದ ಶಾಲೆಗೆ ಸೇರುವವರೆಗೆ ಆರು ಸಲಕ್ಕೆ ಕಡಮೆಯಿಲ್ಲದಂತೆ ಮಗುವಿನ ತಪಾಸಣೆ. ಎತ್ತರ, ತೂಕ, ಲಸಿಕೆ, ನಡಿಗೆ, ಮಾತು ಎಲ್ಲವನ್ನೂ ನೋಡುತ್ತಾರೆ. ನಾಲ್ಕು ತಿಂಗಳು, ಒಂದೂವರೆ ವರ್ಷ, ನಾಲ್ಕು ವರ್ಷ, ಈ ಮೂರು ಘಟ್ಟಗಳಲ್ಲಿ ನಡೆಯುವ ತಪಾಸಣೆ ಮಗುವಿನದು ಮಾತ್ರವಲ್ಲದೆ ಇಡೀ ಸಂಸಾರದ್ದು: ತಂದೆ ತಾಯಿಗಳ ಆರೋಗ್ಯ, ದುಡಿಮೆ, ಅನ್ಯೋನ್ಯತೆ ಇವೂ ವಿಚಾರಣೆಗೆ ಬರುತ್ತವೆ. ಇದಕ್ಕೆ ಕಾಸು ಕೊಡಬೇಕಾದುದಿಲ್ಲ. ನಮ್ಮಲ್ಲಿ ಹಿರಿಯ ಹೆಂಗಸೊಬ್ಬಳು ಮಗುವಿನ ಮುಖ ನೋಡಿ ಹೇಳುತ್ತಿದ್ದುದನ್ನು ಅಲ್ಲಿ ದಾದಿಯೊಬ್ಬಳು ಪುಸ್ತಕದಲ್ಲಿ ಗುರುತು ಹಾಕಿ ಹೇಳುತ್ತಾಳೆ.

ಇನ್ನು ತಂದೆ. ಕಂಕುಳಲ್ಲಿ ಮಗು, ಕೈಯಲ್ಲಿ ಹಾಲಿನ ಬಾಟಲಿ ಹಿಡಿದ ಗಂಡಸನ್ನು ಕಂಡರೆ ಅಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ೨೦೨೨ರ ಆಗಸ್ಟಿನಲ್ಲಿ ಜಾರಿಗೆ ಬಂದ ವ್ಯವಸ್ಥೆಯಂತೆ ತಾಯಿಗೂ ತಂದೆಗೂ ತಲಾ ೧೬೦ ಕೆಲಸದ ದಿನಗಳ ಶಿಶುಪಾಲನೆಯ ರಜೆ ಸಲ್ಲುತ್ತದೆ. ತನ್ನ ಪಾಲಿನಿಂದ ೬೩ ದಿನಗಳವರೆಗೆ ಒಬ್ಬರು ಇನ್ನೊಬ್ಬರಿಗೆ ಬಿಟ್ಟುಕೊಡಬಹುದು. ಉಳಿದುದನ್ನು ತಾನು ಬಳಸದಿದ್ದರೆ ಅದು ಹೋದಂತೆಯೇ. ಆದುದರಿಂದ ಹೆಲ್ಸಿಂಕಿಯ ಉದ್ಯಾನಗಳಲ್ಲಿ ಹಗಲು ಹೊತ್ತು ಮಗುವಿನ ತಳ್ಳುಗಾಡಿ ತಳ್ಳಿಕೊಂಡು ಹೋಗುವ ತಂದೆಯರು ಸಾಲುಸಾಲಾಗಿ ಸಿಕ್ಕುತ್ತಾರೆ. ಊರಿನಲ್ಲಿ ಎಂದೂ ತೊಟ್ಟಿಲು ತೂಗದಿದ್ದ ನಮ್ಮ ಹುಡುಗನೂ ಅಲ್ಲಿ ಹೋಗಿ ಎರಡೇ ತಿಂಗಳಿಗೆ ಬಟ್ಟೆ ಬದಲಾಯಿಸುವುದರಲ್ಲಿ ಪಳಗುತ್ತಾನೆ. ಬೇರೆ ಕೈಯಿಲ್ಲದ ಮನೆಯಲ್ಲಿ ಅವನ ಕೈಯೂ ಹೆರದ ಕೈಯೆಂದು ಹಿಂದೆ ಉಳಿಯುವಂತಿಲ್ಲ.

ಚಳಿಗಾಲದ ಒಂದು ಬೆಳಗ್ಗೆ ಈ ಮನೆಯ ಒಳಗೆ ಇಣುಕಿ ನೋಡೋಣ. ಗಂಟೆ ಏಳಾದರೂ ಹೊರಗೆ ಕಗ್ಗತ್ತಲು. ಡಿಸೆಂಬರಿನಲ್ಲಿ ಹೆಲ್ಸಿಂಕಿಯ ಸೂರ್ಯ ಒಂಬತ್ತು ಗಂಟೆ ದಾಟಿದ ಮೇಲೆ ಏಳುತ್ತಾನೆ. ಮಧ್ಯಾಹ್ನ ಮೂರು ಕಾಲಿಗೆಲ್ಲ ಮುಳುಗುತ್ತಾನೆ. ಅತಿ ಚಿಕ್ಕ ಹಗಲು ಆರು ಗಂಟೆ ಕೂಡ ಇಲ್ಲ. ಇಂತಹ ಕತ್ತಲೆಯಲ್ಲಿ ಎರಡು ವರ್ಷದ ಮಗುವನ್ನು ಹೊರಡಿಸುವುದೇ ಒಂದು ಕಾರ್ಯ. ಮೊದಲು ಮೈಗಂಟುವ ಒಳ ಅಂಗಿ, ಅದರ ಮೇಲೆ ಉಣ್ಣೆಯ ಉಡುಪು, ಉಣ್ಣೆಯ ಕಾಲುಚೀಲ, ಕಿವಿ ಕುತ್ತಿಗೆಗಳೆರಡನ್ನೂ ಮುಚ್ಚುವ ಕುಲಾವಿ. ಎಲ್ಲದರ ಮೇಲೆ ತಲೆಯಿಂದ ಕಾಲಿನವರೆಗೆ ಒಂದೇ ಆಗಿರುವ ದಪ್ಪನೆಯ ಹೊರ ಉಡುಪು. ಕೊನೆಗೆ ಕೈಗವಸು, ಬೂಟು. ಇಷ್ಟೂ ತೊಡಿಸಿ ಬಾಗಿಲು ತೆರೆಯುವ ಹೊತ್ತಿಗೆ ಮಗು ‘ಉಚ್ಚೆ’ ಎನ್ನುತ್ತದೆ! ಪುನಃ ಎಲ್ಲವನ್ನೂ ಬಿಚ್ಚಬೇಕು. ಮಗುವಿನ ಸ್ವಭಾವ ಎಲ್ಲ ದೇಶದಲ್ಲಿಯೂ ಒಂದೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಹೊರ ಉಡುಪಿನಿಂದ ಬೆಳಕು ಬಿದ್ದರೆ ಹೊಳೆಯುವ ಒಂದು ಬಿಲ್ಲೆ ತೂಗಾಡುತ್ತಿರುತ್ತದೆ. ಕತ್ತಲೆಯಲ್ಲಿ ಮೋಟಾರು ನಡೆಸುವವನಿಗೆ ಮಗು ಕಾಣಲೆಂದು ಈ ಉಪಾಯ. ಇದು ಫಿನ್‌ಲೆಂಡಿನಲ್ಲಿಯೇ ಹುಟ್ಟಿ ಲೋಕಕ್ಕೆಲ್ಲ ಹೋದ ವಸ್ತು.

ಮಳೆಯಿರಲಿ ಹಿಮವಿರಲಿ, ಮಕ್ಕಳು ದಿನಾಲೂ ಬಯಲಿಗೆ ಹೋಗಿ ಆಡಬೇಕು ಎಂಬುದು ಆ ಜನರ ದೃಢವಾದ ನಂಬಿಕೆ. ಹವೆ ಕೆಟ್ಟದ್ದೆಂಬುದಿಲ್ಲ, ಉಡುಪು ಸರಿಯಿಲ್ಲದಿರಬಹುದು ಅಷ್ಟೆ ಎಂದು ಅವರಲ್ಲಿ ಒಂದು ಮಾತುಂಟು. ಉಷ್ಣತೆ ಸೊನ್ನೆಗಿಂತ ಹತ್ತು ಹದಿನೈದು ಡಿಗ್ರಿ ಕೆಳಗಿಳಿದರೆ ಮಾತ್ರ ಚಿಕ್ಕ ಮಕ್ಕಳ ಹೊರಗಿನ ಆಟವನ್ನು ಮೊಟಕು ಮಾಡುತ್ತಾರೆ. ಅಷ್ಟೇ ಅಲ್ಲ, ಹಸುಗೂಸುಗಳನ್ನು ಬೆಚ್ಚಗೆ ಸುತ್ತಿ ತಳ್ಳುಗಾಡಿಯಲ್ಲಿ ಮಲಗಿಸಿ, ಮನೆಯ ಹೊರಗೆ, ಮೊಗಸಾಲೆಯಲ್ಲಿಯೋ ಅಂಗಳದಲ್ಲಿಯೋ ನಿದ್ದೆ ಮಾಡಲು ಬಿಡುತ್ತಾರೆ! ಸುತ್ತಲೂ ಹಿಮ, ನಡುವೆ ಗಾಡಿಯಲ್ಲಿ ಕೆಂಪು ಮೂಗಿನ ಕೂಸು. ಊರಿನಿಂದ ಹೋದ ಅಜ್ಜಿ ಇದನ್ನು ಮೊದಲ ಸಲ ಕಂಡರೆ ಎದೆ ಧಸಕ್ಕೆಂದೀತು, ‘ಇವರಿಗೇನು ಕರುಣೆಯಿಲ್ಲವೆ?’ ಎಂದುಕೊಂಡಾರು. ಆದರೆ ಇದು ಅಲಕ್ಷ್ಯದಿಂದ ಮಾಡುವುದಲ್ಲ. ಮುಚ್ಚಿದ ಮನೆಯ ಬಿಸಿಗಾಳಿಗಿಂತ ಹೊರಗಿನ ತಿಳಿಗಾಳಿಯಲ್ಲಿ ಮಗು ಚೆನ್ನಾಗಿ ನಿದ್ದೆ ಮಾಡುತ್ತದೆಂಬುದು ಹಲವು ತಲೆಮಾರುಗಳ ಅನುಭವ. ಇದಕ್ಕೂ ಕಟ್ಟುಪಾಡುಗಳುಂಟು. ಹುಟ್ಟಿದ ಕೂಡಲೇ ಹೀಗೆ ಮಲಗಿಸುವುದಿಲ್ಲ. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಾದರೆ ಮಲಗಿಸುವುದಿಲ್ಲ. ಆಗಾಗ ಕತ್ತಿನ ಹಿಂಬದಿಗೆ ಕೈಯಿಟ್ಟು ಮೈ ಬೆಚ್ಚಗಿದೆಯೆ, ಬೆವರಿದೆಯೆ ಎಂದು ನೋಡುತ್ತಾರೆ. ಬಿಸಿಲು ಕಾಣದ ನಾಡಾದುದರಿಂದ ಎರಡು ವಾರದ ಕೂಸಿಗೇ ‘ಡಿ’ ಜೀವಸತ್ತ್ವದ ಹನಿಗಳನ್ನು ಹಾಕಲು ಶುರುಮಾಡಬೇಕೆಂದು ಸಲಹೆಯ ಮನೆಯಲ್ಲಿ ಹೇಳುತ್ತಾರೆ. ನಮ್ಮಲ್ಲಿ ಎಳೆಬಿಸಿಲಿಗೆ ಮಗುವನ್ನು ಒಡ್ಡುತ್ತಾರಲ್ಲ, ಅದರ ಬದಲಿಗೆ ಇದು.

ಮಗು ಈಗ ಹೊರಟಿರುವುದು ಶಿಶುವಿಹಾರಕ್ಕೆ. ಅಲ್ಲಿನ ಭಾಷೆಯಲ್ಲಿ ಇದಕ್ಕೆ ‘ಪೈವಕೊತಿ’ ಎಂದು ಹೆಸರು. ಪೈವ ಎಂದರೆ ಹಗಲು, ಕೊತಿ ಎಂದರೆ ಮನೆ. ನಮ್ಮ ಕಿವಿಗೆ ಅದು ಏನೆಂದು ಕೇಳಿಸೀತೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ. ಹನ್ನೆರಡು ಪುಟ್ಟ ಮಕ್ಕಳು ಒಂದು ಕೋಣೆಯಲ್ಲಿ ಕೂಡಿದ ಮೇಲೆ ಆ ಹೆಸರೂ ತೀರ ತಪ್ಪೇನಲ್ಲ. ಮೂರು ವರ್ಷದೊಳಗಿನ ನಾಲ್ಕು ಮಕ್ಕಳಿಗೆ ಒಬ್ಬರಂತೆ, ಅದಕ್ಕೆ ಮೇಲ್ಪಟ್ಟ ಏಳು ಮಕ್ಕಳಿಗೆ ಒಬ್ಬರಂತೆ ತರಬೇತಿ ಪಡೆದವರು ಇರಲೇಬೇಕೆಂದು ನಿಯಮ. ೧೯೭೩ರಲ್ಲಿ ಶಿಶುವಿಹಾರಗಳನ್ನು ಕುರಿತು ಕಾನೂನಾಯಿತು; ೧೯೯೦ರಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ, ೧೯೯೬ರಲ್ಲಿ ಶಾಲೆಗೆ ಸೇರದ ಎಲ್ಲ ಮಕ್ಕಳಿಗೆ ಅಲ್ಲಿ ಸ್ಥಳ ಪಡೆಯುವ ಹಕ್ಕು ದೊರೆಯಿತು. ೨೦೧೬ರಲ್ಲಿ ಈ ಹಕ್ಕನ್ನು ಸ್ವಲ್ಪ ಮೊಟಕುಗೊಳಿಸಿದರು. ೨೦೨೦ರಲ್ಲಿ ಮತ್ತೆ ಪೂರ್ತಿಯಾಗಿ ಕೊಟ್ಟರು. ಶುಲ್ಕ ಮನೆಯ ವರಮಾನವನ್ನು ನೋಡಿ. ಅತಿ ಹೆಚ್ಚೆಂದರೆ ಒಂದು ಮಗುವಿಗೆ ತಿಂಗಳಿಗೆ ೩೦೦ ಯೂರೋಗಳ ಆಸುಪಾಸು. ವರಮಾನ ತೀರ ಕಡಮೆಯಾದವರಿಗೆ ಶುಲ್ಕವೇ ಇಲ್ಲ. ಆದರೆ ಸ್ಥಳಕ್ಕೆ ನಾಲ್ಕು ತಿಂಗಳು ಮುಂಚಿತವಾಗಿ ಅರ್ಜಿ ಹಾಕಬೇಕು. ಹೊಸದಾಗಿ ಹೋಗುವವರು ಇದನ್ನು ಚೆನ್ನಾಗಿ ನೆನಪಿನಲ್ಲಿಡಬೇಕು. ಅಲ್ಲಿ ನಿವಾಸಿಯೆಂದು ನೋಂದಾಯಿಸಿಕೊಂಡು ಗುರುತಿನ ಸಂಖ್ಯೆ ಪಡೆಯುವವರೆಗೆ ಇಂತಹ ಸೌಕರ್ಯಗಳ ಬಾಗಿಲು ಸಲೀಸಾಗಿ ತೆರೆಯುವುದಿಲ್ಲ. ಮನೆ ಹುಡುಕುವ ಮೊದಲೇ ಕಾಗದಪತ್ರಗಳನ್ನು ಹೊಂದಿಸಿಕೊಳ್ಳುವುದು ಒಳ್ಳೆಯದು.

ಚಿಕ್ಕ ಮಕ್ಕಳ ಪೋಷಣೆಯಲ್ಲಿ ಸರ್ಕಾರ ಕೈಗೂಡಿಸಬೇಕೆಂಬ ವಿಚಾರ ನಮಗೂ ಹೊಸದಲ್ಲ. ೧೯೭೫ರ ಅಕ್ಟೋಬರ್ ೨ರಂದು ಮೈಸೂರು ಜಿಲ್ಲೆಯ ಟಿ. ನರಸೀಪುರದಲ್ಲಿ ನಮ್ಮ ರಾಜ್ಯದ ಮೊದಲ ಅಂಗನವಾಡಿಗಳು ಪ್ರಾರಂಭವಾದವು. ಉದ್ದೇಶ ಒಂದೇ, ಹಣ, ಜನ, ಜಾಗ ಬೇರೆ. ಫಿನ್‌ಲೆಂಡಿನ ಶಿಶುವಿಹಾರದಲ್ಲಿ ಒದ್ದೆ ಬಟ್ಟೆ ಒಣಗಿಸುವುದಕ್ಕೇ ಬಿಸಿಗಾಳಿಯ ಬೀರು ಇರುತ್ತದೆ. ಮಗು ಮಣ್ಣಿನಲ್ಲಿ, ನೀರಿನಲ್ಲಿ, ಹಿಮದಲ್ಲಿ ಹೊರಳಾಡಿ ಬರಲಿ ಎಂದೇ ಈ ಸಿದ್ಧತೆ. ಅಕ್ಷರಾಭ್ಯಾಸದ ಅವಸರ ಅಲ್ಲಿಲ್ಲ. ಶಾಲೆ ಪ್ರಾರಂಭವಾಗುವುದು ಏಳನೆಯ ವರ್ಷದಲ್ಲಿ. ಅದಕ್ಕೆ ಮುನ್ನ ಒಂದು ವರ್ಷ ಶಾಲೆಯ ಪೂರ್ವಸಿದ್ಧತೆ. ಎರಡು ವರ್ಷದ ಮಗು ಕಲಿಯುವುದು ತನ್ನ ಬೂಟನ್ನು ತಾನೇ ಹಾಕಿಕೊಳ್ಳುವುದು, ತನ್ನ ತಟ್ಟೆಯನ್ನು ತಾನೇ ತೆಗೆದಿಡುವುದು, ತನ್ನ ಸರದಿಗೆ ಕಾಯುವುದು, ಇಷ್ಟು. ‘ನಮ್ಮ ಮೊಮ್ಮಗನಿಗೆ ಇನ್ನೂ ಎ ಬಿ ಸಿ ಬರುವುದಿಲ್ಲವೆ?’ ಎಂದು ಇಲ್ಲಿಂದ ಕೇಳಿ ಆ ತಂದೆತಾಯಿಗಳನ್ನು ಪೇಚಿಗೆ ಸಿಕ್ಕಿಸಬೇಡಿ.

ಊಟದ ಮಾತು. ಬೆಳಗ್ಗೆ ಓಟ್ಸ್ ಗಂಜಿ, ಮಧ್ಯಾಹ್ನ ಹನ್ನೊಂದರ ಸುಮಾರಿಗೆ ಬಿಸಿ ಊಟ, ಸಣ್ಣ ನಿದ್ದೆ, ಎರಡರ ಸುಮಾರಿಗೆ ಉಪಾಹಾರ, ಇಷ್ಟೂ ಶಿಶುವಿಹಾರದಲ್ಲಿಯೇ. ಗಂಜಿಯನ್ನು ಕಂಡು ನಮ್ಮ ಮಗುವಿಗೆ ಪರಕೀಯತೆ ತೋರುವುದಿಲ್ಲ. ರಾಗಿ ಸರಿ ತಿಂದ ನಾಲಗೆಗೆ ಓಟ್ಸಿನ ಗಂಜಿ ದೂರದ ನೆಂಟ. ಮೀನು, ಮಾಂಸ ಬೇಡವೆಂದು ಮೊದಲೇ ಬರೆದು ತಿಳಿಸಿದರೆ ಸಸ್ಯಾಹಾರದ ಏರ್ಪಾಟು ಮಾಡುತ್ತಾರೆ. ಅವರ ಸಸ್ಯಾಹಾರದಲ್ಲಿ ಮೊಟ್ಟೆ ಸೇರಿರುವುದುಂಟು. ಬೇಡವಾದವರು ಅದನ್ನೂ ಸ್ಪಷ್ಟವಾಗಿ ಹೇಳಬೇಕು. ಮನೆಯ ಅಡಿಗೆಗೆ ಬೇಕಾದ ಬೇಳೆ, ಅಕ್ಕಿ, ಸಾಂಬಾರ ಪದಾರ್ಥಗಳು ಹೆಲ್ಸಿಂಕಿಯ ಹಕನಿಯೆಮಿ ಎಂಬ ಮಾರುಕಟ್ಟೆಯ ಸುತ್ತಣ ಏಷ್ಯಾದವರ ಅಂಗಡಿಗಳಲ್ಲಿ ದೊರೆಯುತ್ತವೆ. ಹೀಗಾಗಿ ಸಂಜೆಗೆ ತಿಳಿಸಾರು ಅನ್ನ ತಪ್ಪುವುದಿಲ್ಲ.

ಈಗ ಊರಿನೊಳಗೆ ಓಡಾಟ. ಮಗುವನ್ನು ತಳ್ಳುಗಾಡಿಯಲ್ಲಿ ಕೂಡಿಸಿಕೊಂಡು ಹೊರಟವರಿಗೆ ಹೆಲ್ಸಿಂಕಿಯ ಟ್ರಾಮು, ಬಸ್ಸು, ಮೆಟ್ರೋಗಳಲ್ಲಿ ಟಿಕೆಟ್ಟಿಲ್ಲ. ಗಾಡಿಯನ್ನು ಹಿಡಿದಿರಲೋ ಟಿಕೆಟ್ಟಿಗೆ ಕಾಸು ತೆಗೆಯಲೋ ಎಂಬ ತಾಪತ್ರಯ ತಪ್ಪಿತು. ನಡುವಿನ ಬಾಗಿಲಿನಿಂದ ಗಾಡಿಯ ಸಮೇತ ಒಳಗೆ ಹೋಗಿ ನಿಂತರಾಯಿತು. ಕೆಲಸಕ್ಕೆ ಹೋಗದೆ ಮನೆಯಲ್ಲಿರುವ ತಾಯಿಗೋ ತಂದೆಗೋ ನಗರಸಭೆಯ ಆಟದ ತೋಟಗಳುಂಟು. ಅಲ್ಲಿ ಆಟಿಕೆ, ಮರಳುಗುಂಡಿ, ಉಯ್ಯಾಲೆಗಳ ಜೊತೆಗೆ ನೋಡಿಕೊಳ್ಳುವ ಸಿಬ್ಬಂದಿಯೂ ಇರುತ್ತಾರೆ. ಮಳೆ ಚಳಿಗೆ ಒಳಗೆ ಕೂತಿರಲು ಒಂದು ಮನೆ. ಬೇಸಗೆಯಲ್ಲಿ ಈ ತೋಟಗಳಲ್ಲಿ ಮಕ್ಕಳಿಗೆ ಬಿಟ್ಟಿ ಊಟ. ಯುದ್ಧದ ಕಾಲದಲ್ಲಿ, ೧೯೪೨ರಲ್ಲಿ, ಹಸಿದ ಮಕ್ಕಳಿಗೆಂದು ಪ್ರಾರಂಭವಾದ ಈ ಪದ್ಧತಿಯನ್ನು ನಗರ ಇಂದಿಗೂ ಬಿಟ್ಟಿಲ್ಲ. ಹದಿನಾರು ವರ್ಷದೊಳಗಿನ ಯಾವ ಮಗುವಾದರೂ ತನ್ನ ಬಟ್ಟಲು, ಚಮಚ ತಂದರೆ ಸಾಕು. ಯಾರ ಮಗು, ಯಾವ ದೇಶದ ಮಗು ಎಂದು ಕೇಳುವವರಿಲ್ಲ. ಸಾಲಿನಲ್ಲಿ ಬಟ್ಟಲು ಹಿಡಿದು ನಿಂತ ತಾಯಂದಿರಲ್ಲಿಯೇ ಎಷ್ಟೋ ಸ್ನೇಹಗಳು ಬೆಳೆಯುತ್ತವೆ.

ಸ್ನೇಹ ಎಂದಾಗ ಒಂದು ಕಷ್ಟವನ್ನು ಮರೆಮಾಚಬಾರದು. ಫಿನ್ ಜನ ಮಿತಭಾಷಿಗಳು. ಪಕ್ಕದ ಮನೆಯವರು ಸಜ್ಜನರು, ಆದರೆ ಕರೆಯದೆ ಬಾಗಿಲು ತಟ್ಟುವವರಲ್ಲ. ಕಟ್ಟಡದಲ್ಲಿ ರಾತ್ರಿ ಹತ್ತರಿಂದ ಬೆಳಗ್ಗೆ ಏಳರವರೆಗೆ ಸದ್ದು ಮಾಡಬಾರದೆಂಬುದು ಸಾಮಾನ್ಯ ನಿಯಮ. ರಜೆಯಲ್ಲಿ ಮನೆಯಲ್ಲೇ ಇರುವ ತಾಯಿಗೆ, ಅದರಲ್ಲೂ ನವೆಂಬರಿನ ಕತ್ತಲೆಯಲ್ಲಿ, ದಿನವೆಲ್ಲ ಮಾತನಾಡುವ ದೊಡ್ಡವರೊಬ್ಬರೂ ಸಿಕ್ಕದೆ ಹೋಗಬಹುದು. ಅವಳ ಧ್ವನಿ ಫೋನಿನಲ್ಲಿ ಕುಗ್ಗಿದಂತೆ ಕೇಳಿದರೆ ‘ಅಲ್ಲಿ ನಿನಗೇನು ಕಡಮೆ?’ ಎಂದುಬಿಡಬೇಡಿ; ಕಡಮೆಯಾಗಿರುವುದು ಯಾವ ಅಂಗಡಿಯಲ್ಲಿಯೂ ಸಿಕ್ಕದ ವಸ್ತು. ಇಂತಹವರಿಗಾಗಿ ೧೯೨೦ರಲ್ಲಿ ಸ್ಥಾಪಿತವಾದ ಮ್ಯಾನರ್‌ಹೈಮ್ ಶಿಶುಕಲ್ಯಾಣ ಸಂಘ ಊರೂರುಗಳಲ್ಲಿ ‘ಸಂಸಾರಿಗರ ಕಾಫಿಕೂಟ’ಗಳನ್ನು ನಡೆಸುತ್ತದೆ. ಸಾರ್ವಜನಿಕ ಪುಸ್ತಕಾಲಯಗಳು ಇನ್ನೊಂದು ಆಸರೆ. ೨೦೧೮ರ ಡಿಸೆಂಬರಿನಲ್ಲಿ ತೆರೆದ ಹೆಲ್ಸಿಂಕಿಯ ‘ಓದಿ’ ಎಂಬ ಕೇಂದ್ರ ಪುಸ್ತಕಾಲಯದಲ್ಲಿ ತೆವಳುವ ಮಕ್ಕಳಿಗೂ ಜಾಗವಿದೆ. ಹೆಸರನ್ನು ಗಮನಿಸಿದಿರಾ? ಅವರ ಭಾಷೆಯಲ್ಲಿ ಅದು ಪ್ರಶಸ್ತಿಗೀತದ ಹೆಸರು. ಕನ್ನಡಿಗರಿಗೆ ಮಾತ್ರ ಬಾಗಿಲಲ್ಲೇ ಉಪದೇಶ ಸಿಕ್ಕಿದಂತೆ!

ಮನೆಗೆ ಮರಳಿದ ಮೇಲೆ ಬೂಟನ್ನು ಬಾಗಿಲಲ್ಲೇ ಬಿಡುತ್ತಾರೆ. ಈ ವಿಷಯದಲ್ಲಿ ಅವರೂ ನಮ್ಮವರೇ. ವಾರಕ್ಕೊಮ್ಮೆಯಾದರೂ ಸೌನ ಎಂಬ ಹಬೆಯ ಸ್ನಾನ. ೫೬ ಲಕ್ಷ ಜನರ ದೇಶದಲ್ಲಿ ಸುಮಾರು ಮೂವತ್ತು ಲಕ್ಷ ಹಬೆಮನೆಗಳಿವೆಯೆಂದರೆ ಅವರಿಗೆ ಅದು ಎಷ್ಟು ಅಗತ್ಯವೆಂದು ತಿಳಿಯುತ್ತದೆ. ಚಿಕ್ಕ ಮಕ್ಕಳನ್ನು ಬಿಸಿ ಕಡಮೆಯಿರುವ ಕೆಳಗಿನ ಹಲಗೆಯ ಮೇಲೆ ಕೆಲವು ನಿಮಿಷ ಕೂಡಿಸಿ ಕರೆತರುತ್ತಾರೆ. ನಮ್ಮ ಬಚ್ಚಲ ಹಂಡೆಯ ಅಭ್ಯಂಜನ ಕಂಡವರಿಗೆ ಇದು ಬಲು ಬೇಗ ಹಿಡಿಸುತ್ತದೆ. ಬೇಸಗೆಯಲ್ಲಿ ಕಷ್ಟ ಬೇರೆ ತರಹ. ಜೂನಿನಲ್ಲಿ ರಾತ್ರಿ ಹನ್ನೊಂದರ ಹೊತ್ತಿಗೆ ಸೂರ್ಯಾಸ್ತ. ‘ಕತ್ತಲಾಯಿತು, ಮಲಗು ಕಂದ’ ಎಂದರೆ ಮಗು ಕಿಟಕಿಯ ಕಡೆ ಕೈತೋರಿಸುತ್ತದೆ. ಆಗ ಕಪ್ಪು ಪರದೆ ಇಳಿಬಿಟ್ಟು ಮನೆಯೊಳಗೆ ರಾತ್ರಿಯನ್ನು ಮಾಡಿಕೊಳ್ಳಬೇಕು.

ಅಲ್ಲಿಗೆ ಹೋಗುವವರೂ, ನೋಡಿ ಬರಲು ಹೋಗುವ ಹಿರಿಯರೂ ತಿಳಿದಿರಲೇಬೇಕಾದ ಇನ್ನೊಂದು ಸಂಗತಿಯುಂಟು. ಹಟ ಮಾಡುವ ಮಗುವಿಗೆ ನಮ್ಮಲ್ಲಿ ಬೆನ್ನಿಗೊಂದು ಏಟು ಕೊಡುವುದನ್ನು ಯಾರೂ ದೊಡ್ಡ ತಪ್ಪೆಂದು ಎಣಿಸುವುದಿಲ್ಲ. ಫಿನ್‌ಲೆಂಡಿನಲ್ಲಿ ೧೯೮೪ರಿಂದ ಮಗುವನ್ನು ಹೊಡೆಯುವುದು ಕಾನೂನಿಗೆ ವಿರುದ್ಧ. ಹೊಡೆಯುವವರು ಹೆತ್ತವರಾದರೂ ಸರಿಯೆ. ಸ್ವೀಡನ್ ೧೯೭೯ರಲ್ಲಿ ಇದನ್ನು ಮೊದಲು ನಿಷೇಧಿಸಿತು. ಅದರ ಹಿಂದೆಯೇ ನಡೆದ ದೇಶ ಇದು. ನೆಲದ ಮೇಲೆ ಬಿದ್ದು ಹೊರಳುವ ಮಗುವಿನ ಪಕ್ಕದಲ್ಲಿ ತಂದೆ ಸುಮ್ಮನೆ ಕುಳಿತು ಕಾಯುತ್ತಿರುವುದನ್ನು ಅಂಗಡಿಗಳಲ್ಲಿ ಕಾಣಬಹುದು. ಅದು ಕೈಲಾಗದತನವಲ್ಲ, ಆ ಸಮಾಜ ಕಲಿತ ತಾಳ್ಮೆ.

ಇಷ್ಟೆಲ್ಲವನ್ನೂ ಕೇಳಿದ ಮೇಲೆ, ಅಜ್ಜಿ ತಾತಂದಿರು ಮಾಡುವುದನ್ನೆಲ್ಲ ನಗರಸಭೆಯೇ ಮಾಡುತ್ತದಲ್ಲ, ಇನ್ನು ನಮ್ಮ ಕೆಲಸವೇನು ಎಂದು ನಿಮಗೆ ಅನ್ನಿಸಬಹುದು. ಮುಖ್ಯವಾದ ಮಾತು ಇರುವುದು ಇಲ್ಲಿಯೇ. ದಾದಿ ಮಗುವಿನ ತೂಕ ನೋಡಿಯಾಳು, ಶಿಶುವಿಹಾರ ಉಣಿಸೀತು, ಟ್ರಾಮು ಬಿಟ್ಟಿಯಾಗಿ ಹೊತ್ತೊಯ್ದೀತು. ಕನ್ನಡವನ್ನು ಮಾತ್ರ ಅವರು ಯಾರೂ ಕೊಡಲಾರರು. ದಿನಕ್ಕೆ ಏಳೆಂಟು ಗಂಟೆ ಫಿನ್ನಿಷ್ ಕೇಳುವ ಮಗುವಿಗೆ ಕನ್ನಡ ಕೇಳಿಸುವುದು ಬೆಳಗಿನ ಅವಸರದಲ್ಲಿ, ಸಂಜೆಯ ದಣಿವಿನಲ್ಲಿ. ಅದೂ ಇಬ್ಬರೇ ಇಬ್ಬರ ಬಾಯಿಂದ. ಕಚೇರಿಯ ಇಂಗ್ಲಿಷನ್ನೇ ಅವರಿಬ್ಬರೂ ಮನೆಗೂ ತಂದರೆ ಅದೂ ಇಲ್ಲ. ಮನೆಯಲ್ಲಿ ತಾಯ್ನುಡಿಯನ್ನೇ ಆಡಿರಿ, ಅದರಿಂದ ಫಿನ್ನಿಷ್ ಕಲಿಯಲು ಅಡ್ಡಿಯಿಲ್ಲ ಎಂದು ಸಲಹೆಯ ಮನೆಯವರೇ ಹೇಳುತ್ತಾರೆ. ಎರಡು ಮೂರು ಭಾಷೆಗಳನ್ನು ಒಟ್ಟಿಗೆ ಹಿಡಿಯುವ ಶಕ್ತಿ ಎಳೆಯ ಮಕ್ಕಳಿಗುಂಟು. ಬೇಕಾದುದು ಪ್ರತಿಯೊಂದನ್ನೂ ಸಾಕಷ್ಟು ಕೇಳುವ ಅವಕಾಶ.

ಇನ್ನೊಂದು ಸ್ವಾರಸ್ಯ ನೋಡಿ. ಫಿನ್ನಿಷ್ ಭಾಷೆ ನಮ್ಮದಕ್ಕೆ ನೆಂಟನಲ್ಲದಿದ್ದರೂ ನಡೆಯಲ್ಲಿ ಹೋಲಿಕೆಯುಂಟು. ನಾವು ‘ಮನೆ’ಗೆ ‘ಅಲ್ಲಿ’ ಸೇರಿಸಿ ‘ಮನೆಯಲ್ಲಿ’ ಎನ್ನುವಂತೆ ಅವರು ಕಟ್ಟಡವೆಂಬ ಅರ್ಥದ ‘ತಲೊ’ಗೆ ಬಾಲ ಹಚ್ಚಿ ‘ತಲೊಸ್ಸ’ ಎನ್ನುತ್ತಾರೆ. ಇಂತಹ ವಿಭಕ್ತಿಗಳು ಅವರಲ್ಲಿ ಹದಿನೈದು. ಬಲೆ, ಬಾಲೆ, ಬಲ್ಲೆ ಎಂಬ ಮೂರು ಮಾತುಗಳಲ್ಲಿ ಸ್ವರ ಎಳೆದುದಕ್ಕೆ, ಅಕ್ಷರ ಒತ್ತಿದುದಕ್ಕೆ ನಮ್ಮಲ್ಲಿ ಅರ್ಥ ಬದಲಾಗುವಂತೆ ಅಲ್ಲಿಯೂ ‘ತುಲಿ’ ಎಂದರೆ ಬೆಂಕಿ, ‘ತೂಲಿ’ ಎಂದರೆ ಗಾಳಿ; ‘ಮತೊ’ ಎಂದರೆ ಹುಳು, ‘ಮತ್ತೊ’ ಎಂದರೆ ನೆಲಹಾಸು. ಹ್ರಸ್ವ ದೀರ್ಘಗಳ ಭೇದವನ್ನು ಮನೆಯಲ್ಲಿ ಚೆನ್ನಾಗಿ ಕೇಳಿ ಬೆಳೆದ ಕನ್ನಡದ ಕಿವಿಗೆ ಅಲ್ಲಿನ ಉಚ್ಚಾರಣೆ ಅಪರಿಚಿತವಾಗದು.

ಆದುದರಿಂದ ಇಲ್ಲಿರುವ ಅಜ್ಜಿ ತಾತಂದಿರ ಕೆಲಸ ಮುಗಿದಿಲ್ಲ. ಅಲ್ಲಿಗೆ ಹೋಗಿ ವರ್ಷಗಟ್ಟಲೆ ಇರುವುದು ಸಾಧ್ಯವಿಲ್ಲ. ನೋಡಿ ಬರಲು ಹೋದವರು ಯಾವುದೇ ೧೮೦ ದಿನಗಳಲ್ಲಿ ೯೦ ದಿನಕ್ಕಿಂತ ಹೆಚ್ಚು ನಿಲ್ಲುವಂತಿಲ್ಲ. ಪ್ರಯಾಣಕ್ಕೆ ೩೦,೦೦೦ ಯೂರೋಗಳಿಗೆ ಕಡಮೆಯಿಲ್ಲದ ಆರೋಗ್ಯ ವಿಮೆಯೂ ಬೇಕು. ಹೋಗುವುದಾದರೆ ಮಗುವಿನ ಮಾತು ಚಿಗುರುವ ಕಾಲ, ಒಂದೂವರೆಯಿಂದ ಮೂರು ವರ್ಷದೊಳಗೆ, ಬಹಳ ಪ್ರಯೋಜನದ್ದು. ಹೋಗಲಾಗದವರಿಗೆ ಮುಖ ನೋಡಿ ಮಾತನಾಡುವ ಫೋನು ಇದ್ದೇ ಇದೆ. ನಮ್ಮ ಗಡಿಯಾರ ಅವರದಕ್ಕಿಂತ ಚಳಿಗಾಲದಲ್ಲಿ ಮೂರೂವರೆ ಗಂಟೆ, ಬೇಸಗೆಯಲ್ಲಿ ಎರಡೂವರೆ ಗಂಟೆ ಮುಂದು. ಇಲ್ಲಿ ರಾತ್ರಿ ಒಂಬತ್ತಾದಾಗ ಚಳಿಗಾಲದ ಹೆಲ್ಸಿಂಕಿಯಲ್ಲಿ ಸಂಜೆ ಐದೂವರೆ. ಮಗು ಶಿಶುವಿಹಾರದಿಂದ ಬಂದು, ತಂದೆ ತಾಯಿ ಅಡಿಗೆಯ ಅವಸರದಲ್ಲಿರುವ ಸಮಯ. ಆ ಅರ್ಧ ಗಂಟೆಯನ್ನು ನೀವು ದಿನಾಲೂ ತೆಗೆದುಕೊಂಡರೆ ದೊಡ್ಡ ಉಪಕಾರ. ‘ಊಟವಾಯಿತೆ, ತಿಂಡಿಯಾಯಿತೆ’ ಎಂದು ಕೇಳಿ ಮುಗಿಸಬೇಡಿ. ಎರಡು ವರ್ಷದ ಮಗು ಪ್ರಶ್ನೆಗೆ ಉತ್ತರ ಕೊಡಲಾರದು, ಆಟಕ್ಕೆ ಓಗೊಡುತ್ತದೆ. ತರಕಾರಿ ಬುಟ್ಟಿಯನ್ನು ಮುಂದಿಟ್ಟುಕೊಂಡು ಬದನೆ, ಬೆಂಡೆ, ಹೀರೆ ಎಂದು ಒಂದೊಂದಾಗಿ ತೋರಿಸಿ. ಅಂಗಳದ ದನವನ್ನು ತೋರಿಸಿ, ಮಳೆಯ ಸದ್ದನ್ನು ಕೇಳಿಸಿ. ಒಂದೇ ಕಥೆಯನ್ನು ಒಂದೇ ಮಾತುಗಳಲ್ಲಿ ಹತ್ತು ಸಲ ಹೇಳಿ; ಹನ್ನೊಂದನೆಯ ಸಲಕ್ಕೆ ಮಗು ಮುಂದಿನ ಮಾತನ್ನು ತಾನೇ ಹೇಳೀತು. ಫಿನ್ನಿಷ್ ಮಾತು ನಡುವೆ ಬಂದರೆ ನಗಬೇಡಿ, ಗದರಬೇಡಿ. ಅದಕ್ಕೆ ಕನ್ನಡದ ಮಾತನ್ನು ಮೆಲ್ಲನೆ ಸೇರಿಸಿ ಮುಂದೆ ಸಾಗಿ.

ಇಂದು ರಾತ್ರಿ ಕರೆ ಬಂದಾಗ ಮಗುವಿನ ಬೂಟು ಯಾವ ಬಣ್ಣದ್ದು, ಶಿಶುವಿಹಾರದಲ್ಲಿ ಅದರ ಪಕ್ಕದಲ್ಲಿ ಕೂರುವ ಮಗು ಯಾರು ಎಂದು ವಿಚಾರಿಸಿಕೊಳ್ಳಿ. ನಾಳೆಯ ಕಥೆಯಲ್ಲಿ ಆ ಬೂಟನ್ನೂ ಆ ಗೆಳೆಯನನ್ನೂ ಸೇರಿಸಿ ಹೇಳಿದರೆ, ಮಗು ಮಾರನೆಯ ದಿನ ತಾನಾಗಿಯೇ ನಿಮ್ಮನ್ನು ಹುಡುಕಿಕೊಂಡು ಫೋನಿನ ಬಳಿಗೆ ಬರುತ್ತದೆ.